ಲಾವೋಸಿನ ಕಾಡಿನಲ್ಲಿ ಜಾರಿದ ಗಂಟು

ಲಾವೋಸ್ ದೇಶದಿಂದ ತಿರುಗಿ ಬಂದು ಎರಡು ಮಳೆಗಾಲ ಕಳೆದವು. ಇಳಕಲ್ಲಿನಲ್ಲಿ ಯಾರು ಕೇಳಿದರೂ ಅಲ್ಲಿಯ ಅಂಟು ಅನ್ನದ ಕಥೆ ಹೇಳುತ್ತೇನೆ, ಜಿಗಣೆ ಹತ್ತಿದ ಕಥೆ ಹೇಳುತ್ತೇನೆ, ನಗಿಸಿ ಎದ್ದುಬಿಡುತ್ತೇನೆ. ನಡುವಿನ ಒಂದು ಮಧ್ಯಾಹ್ನವನ್ನು ಮಾತ್ರ ಹಾರಿಸುತ್ತ ಬಂದಿದ್ದೇನೆ. "ಬರದೀ ಏನಪ್ಪಾ?" ಎಂದು ಮಗಳು ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಾಳೆ. ಕನ್ನಡಕದ ಕಾಲು ಮುರಿದಿದೆ ಅಂದೆ. ಹೊಸದು ಮಾಡಿಸಿ ಕಳಿಸಿದಳು. ಪೆನ್ನು ಸರಿಯಿಲ್ಲ ಅಂದೆ. ಒಂದು ಡಬ್ಬಿ ಪೆನ್ನು ಬಂದವು. ಇನ್ನು ನೆಪ ಉಳಿದಿಲ್ಲ.

ನಾನು ನೇಕಾರ. ಮೆಟ್ರಿಕ್ ಪಾಸಾದ ವರ್ಷವೇ, ಕಾಲು ಇಳಿಬಿಟ್ಟು ನೇಯಲು ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿದೆ, ಮೊಣಕಾಲು ಒಲ್ಲೆ ಅನ್ನುವ ತನಕ ಅಲ್ಲೇ ಕೂತೆ. ಮಗಳು ಸುವರ್ಣಾ ಬಾಗಲಕೋಟೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಆಕೆಯ ಎಡಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಎಂಟು ತಿಂಗಳ ಕೂಸಾಗಿದ್ದಾಗ ಸೀರೆಯ ಜೋಲಿಯಿಂದ ಬಿದ್ದು ಮೊಣಕೈ ಮುರಿದಿತ್ತು. ಯಾರ ತಪ್ಪಿನಿಂದ ಬಿದ್ದಳು ಎಂಬುದಕ್ಕೆ ನಮ್ಮ ಓಣಿಯಲ್ಲಿ ಒಂದು ಕಥೆ ಇದೆ. ಆ ಕಥೆ ಸುಳ್ಳು. ಸುಳ್ಳೆಂದು ಗೊತ್ತಿದ್ದವನು ಇಷ್ಟು ವರ್ಷ ನಾನೊಬ್ಬನೇ. ಅದನ್ನು ಹೇಳುವುದಕ್ಕೇ ಈ ಪ್ರವಾಸದ ಕಥೆ.

ಬಾಗಲಕೋಟೆ: ಚೀಲ ಕಟ್ಟಿದ್ದು

ಸುವರ್ಣಾ ಪ್ರತಿ ಬೇಸಿಗೆ ರಜೆಯಲ್ಲಿ ಬೆನ್ನಿಗೆ ಚೀಲ ಏರಿಸಿ ಯಾವುದಾದರೂ ಗುಡ್ಡ ಹುಡುಕಿಕೊಂಡು ಹೋಗುವಾಕೆ. ಆ ವರ್ಷ ಲಾವೋಸ್ ಅಂದಳು. ಅಲ್ಲಿ ಮನೆಗಳು ಕಂಬದ ಮೇಲಿರುತ್ತವೆ, ಕೆಳಗೆ ನೆರಳಿನಲ್ಲಿ ಹೆಂಗಸರು ನೇಯುತ್ತ ಕೂತಿರುತ್ತಾರೆ ಎಂದು ಒಂದು ಚಿತ್ರ ತೋರಿಸಿದಳು. ಕುಣಿಯೊಳಗೆ ಕೂತು ನೇಯ್ದವನಿಗೆ, ನೆಲದ ಮೇಲೆ ಕೂತು ನೇಯುವವರನ್ನು ನೋಡಬೇಕೆನಿಸಿತು. "ನಡೀತೀ ಏನು? ಮೂರು ದಿನ ಕಾಡು" ಅಂದಳು. ನಡೀತೀನಿ ಅಂದೆ.

ನಾನು ಕಟ್ಟಿದ್ದ ಚೀಲವನ್ನು ಆಕೆ ತನ್ನ ಮನೆಯ ಪಡಸಾಲೆಯಲ್ಲಿ ಸುರುವಿದಳು.

"ಇದೇನಿದು?"

"ಕಟಕ ರೊಟ್ಟಿ."

"ಇದು?"

"ಶೇಂಗಾ ಹಿಂಡಿ."

"ಹೋಗ್ಲಿ. ಈ ಚರಗಿ ಯಾಕ?"

"ಯಾಕಂತ ಕೇಳ್ತಿಯಲ್ಲ! ಕಾಡಿಗೆ ಹೊಂಟೇವೋ ಇಲ್ಲೋ?"

ರೊಟ್ಟಿ, ಹಿಂಡಿಯ ಚಟ್ನಿಪುಡಿ ಉಳಿದವು. ನೀರಿನ ಚರಿಗೆಯ ಬದಲು ಅಂಗೈಯಗಲದ ಒಂದು ಸಲಿಕೆ ಕೊಟ್ಟಳು. ನೀರಿನ ಹರಿವಿನಿಂದ ದೂರ ಹೋಗಿ, ಗೇಣುದ್ದ ಅಗೆದು, ಕೆಲಸ ಮುಗಿದ ಮೇಲೆ ಮುಚ್ಚಬೇಕಂತೆ. ಈ ವಿದ್ಯೆಯನ್ನು ಜನ ಪುಸ್ತಕ ಓದಿ ಕಲಿಯುತ್ತಾರೆ ಎಂದು ತಿಳಿದು ನನಗೆ ಆಶ್ಚರ್ಯವಾಯಿತು. ನಮ್ಮೂರಿನಲ್ಲಿ ನನ್ನ ವಯಸ್ಸಿನವರೆಲ್ಲ ಹಾಗಾದರೆ ಪಂಡಿತರೇ. ಅಗೆಯುವುದು, ಮುಚ್ಚುವುದು ಮಾತ್ರ ಕಲಿಯಲಿಲ್ಲ.

ಚೀಲ ತುಂಬುವುದಕ್ಕೂ ಕ್ರಮವಿತ್ತು. ಹಾಸಿಗೆ, ಬಟ್ಟೆ ತಳಕ್ಕೆ. ಭಾರದ್ದೆಲ್ಲ ನಡುವೆ, ಬೆನ್ನಿಗೆ ಒತ್ತಿ. ಮಳೆಯಂಗಿ ಎಲ್ಲಕ್ಕಿಂತ ಮೇಲೆ, ಯಾಕೆಂದರೆ ಮಳೆ ಹೇಳಿ ಬರುವುದಿಲ್ಲ. ಸೊಂಟದ ಪಟ್ಟಿ ಬಿಗಿದರೆ ಹೊರೆಯನ್ನು ಸೊಂಟ ಹೊರುತ್ತದೆ, ಹೆಗಲು ಬರೀ ಹಿಡಿದುಕೊಂಡಿರುತ್ತದೆ. ಪಟ್ಟಿಯನ್ನು ಆಕೆಯೇ ಜಗ್ಗಿ ಬಿಗಿದಳು. ನಾನು ಉಸಿರು ಹಿಡಿದೆ.

"ಬಿಚ್ಚಂಗಿಲ್ಲ, ಅಂಜಬ್ಯಾಡ. ನಾ ಏನ್ ಸಡ್ಲಗೈ ಅಲ್ಲ" ಅಂದಳು.

ಸಡ್ಲಗೈ ಎಂದರೆ ಕೈ ಸಡಿಲ ಇರುವಾಕೆ. ನಮ್ಮ ಓಣಿಯಲ್ಲಿ ಅದೊಂದು ಬೈಗುಳ. ಅದು ಹುಟ್ಟಿದ್ದು ಯಾವ ದಿನ, ಯಾರಿಂದ ಎಂದು ನನಗೆ ಗೊತ್ತಿತ್ತು. ಮಗಳ ಬಾಯಿಂದ ಕೇಳಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಅವತ್ತೂ ನೋಡಿದೆ.

ಬಾದಾಮಿ: ಅಭ್ಯಾಸ

ಹೋಗುವ ಮುಂಚೆ ನಾಲ್ಕು ಭಾನುವಾರ ಬಾದಾಮಿಯ ಗುಡ್ಡ ಹತ್ತಿಸಿದಳು. ಹತ್ತುವಾಗ ಸಣ್ಣ ಹೆಜ್ಜೆ, ಪೂರ್ತಿ ಪಾದ ಊರಿ. ಇಳಿಯುವಾಗ ಮೊಣಕಾಲು ಸ್ವಲ್ಪ ಬಾಗಿಸಿ, ಕೋಲು ಮುಂದೆ. ಬಾಯಾರುವ ಮುಂಚೆಯೇ ನೀರು, ದಣಿಯುವ ಮುಂಚೆಯೇ ಕೂತುಕೊಳ್ಳುವುದು. ಕೆಂಪು ಬಂಡೆಯ ಮೇಲೆ ಬೂಟಿನ ಹಿಡಿತ ಹೇಗಿರುತ್ತದೆಂದು ಎಪ್ಪತ್ತನೆಯ ವಯಸ್ಸಿನಲ್ಲಿ ಕಲಿತೆ.

ಮೂರನೆಯ ಭಾನುವಾರ ಗುಡ್ಡದ ಬುಡದಲ್ಲಿ ಎರಡು ಬೇವಿನ ಮರದ ನಡುವೆ ಆಕೆ ಜೋಲಿ ಕಟ್ಟಿದಳು. ಹ್ಯಾಮಕ್ ಎನ್ನುತ್ತಾರೆ ಆಕೆಯಂತೆ ಗುಡ್ಡ ಹತ್ತುವವರು, ಬಟ್ಟೆ ಪ್ಯಾರಾಚೂಟಿನದು. ಕಟ್ಟಿ ನೀರು ಕುಡಿಯಲು ತಿರುಗಿದ್ದೇ ತಡ, ಒಂದು ಮಂಗ ಬಂದು ಅದರಲ್ಲಿ ಕೂತು ನಮ್ಮ ರೊಟ್ಟಿ ಮುರಿಯತೊಡಗಿತು. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು.

"ಯಜ್ಜಾ, ತೊಟ್ಲ ಯಾರಿಗಿ ಕಟ್ಟೀರಿ? ನಿಮಗೋ ಮಂಗ್ಯಾಗೋ?"

"ಮೊದ್ಲ ಮಂಗ್ಯಾ ಮಲಗಿ ನೋಡ್ಲಿ. ಹರೀಲಿಲ್ಲಂದ್ರ ನಾ ಮಲಗ್ತೇನಿ" ಅಂದೆ. ಅವರು ನಕ್ಕರು. ಮಂಗ ಎದ್ದುಹೋಯಿತು. ನಾನು ಮಾತ್ರ ಮಲಗಲಿಲ್ಲ. ಸೊಂಟ ನೋವು ಎಂದೆ.

ಸುವರ್ಣಾ ತಾನೇ ಮಲಗಿ, ಒಂದು ಕಾಲು ಇಳಿಬಿಟ್ಟು ತೂಗಿಕೊಳ್ಳುತ್ತ ಅಂದಳು: "ಜೋಲಿ ಅಂದ್ರ ನಾ ಅಂಜಬೇಕು. ನೀ ಯಾಕ ಅಂಜ್ತೀಯಪ್ಪಾ?"

ಮೊದಲ ದಿನ: ತಂಬಾಕಿನ ಕಾಲುಚೀಲ

ಲಾವೋಸಿನ ಉತ್ತರದ ಕಾಡಿನಲ್ಲಿ ನಮಗೆ ದಾರಿ ತೋರಿಸಿದವನ ಹೆಸರು ಕಾಂ. ನಲವತ್ತರ ಆಸುಪಾಸು, ಕಾಲಿಗೆ ರಬ್ಬರ್ ಚಪ್ಪಲಿ, ಸೊಂಟಕ್ಕೆ ಕತ್ತಿ. ಮಾತು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಸುವರ್ಣಾ ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು. ನನ್ನ ಬೂಟು, ಕೋಲು, ಟೊಪ್ಪಿಗೆ, ಚೀಲ ಎಲ್ಲವನ್ನೂ ಒಂದು ಸುತ್ತು ನೋಡಿ ಆತ ಗಂಭೀರವಾಗಿ ಕೈ ಮುಗಿದ. ಅಲ್ಲಿಯವರ ನಮಸ್ಕಾರ ನಮ್ಮದೇ. ಆದರೆ ನನಗೆ ಅದು, ದೇವರು ನಿನ್ನನ್ನು ಕಾಪಾಡಲಿ ಎಂದಂತೆ ಕೇಳಿಸಿತು.

ನಮ್ಮ ಸೀಮೆಯಲ್ಲಿ ಮರ ಎಂದರೆ ಒಂದು ಗುರುತು. ಆ ಬೇವಿನ ಮರದ ಹತ್ತಿರ ಎಡಕ್ಕೆ ತಿರುಗು ಅನ್ನುತ್ತೇವೆ. ಇಲ್ಲಿ ಮರಕ್ಕೆ ಮರ ಒರಗಿ ನಿಂತಿದ್ದವು. ಗುರುತು ಹೇಳಬೇಕಾದರೆ ಬಯಲನ್ನೇ ಹೇಳಬೇಕು. ಮಣ್ಣು ಕಾಣಲಿಲ್ಲ, ಬರೀ ಎಲೆ. ಎಲೆಯ ಮೇಲೆ ಜಿಗಣೆ. ದಾರದ ತುಂಡಿನಂಥ ಒಂದು ಹುಳು ತುದಿಗಾಲಲ್ಲಿ ಎದ್ದು ನಿಂತು ನನ್ನನ್ನೇ ಹುಡುಕುತ್ತಿದ್ದುದನ್ನು ಕಂಡು ನಾನು ಬಹಳ ಹೊತ್ತು ಕೂತು ನೋಡಿದೆ. ಅಷ್ಟರಲ್ಲಿ ಅದರ ನಾಲ್ವರು ಬಂಧುಗಳು ಕಾಲುಚೀಲದೊಳಗೆ ಇಳಿದಿದ್ದರು.

ಕಾಂ ನನ್ನ ಜೇಬಿನ ತಂಬಾಕಿನ ಪೊಟ್ಟಣ ಕೇಳಿದ. ಅದನ್ನು ನೀರಿನಲ್ಲಿ ಕಲಸಿ ನನ್ನ ಕಾಲುಚೀಲಕ್ಕೆ ಬಳಿದ. ಜಿಗಣೆ ಮತ್ತೆ ಹತ್ತಿರ ಬರಲಿಲ್ಲ.

"ಇಷ್ಟ್ ವರ್ಷ ಬಿಡು ಬಿಡು ಅಂತ ಬಡ್ಕೊಂಡೆ. ಖರೆ ಉಪಯೋಗ ಈಗ ಗೊತ್ತಾತು ನೋಡು" ಅಂದಳು ಸುವರ್ಣಾ.

ಊಟಕ್ಕೆ ಬಿದಿರಿನ ಸಣ್ಣ ಬುಟ್ಟಿಯಿಂದ ಅಂಟು ಅನ್ನ ತೆಗೆದ. ಅದನ್ನು ಬೆರಳಲ್ಲಿ ಉಂಡೆ ಮಾಡಿ ಕಾರದ ಚಟ್ನಿಗೆ ಅದ್ದಿ ತಿನ್ನಬೇಕು. ನಾನು ಶೇಂಗಾ ಹಿಂಡಿ ಮುಂದಿಟ್ಟೆ. ಕಾಂ ಒಮ್ಮೆ ಅದ್ದಿದ, ಎರಡನೆಯ ಸಲ ಅದ್ದಿದ, ಮೂರನೆಯ ಸಲ ಡಬ್ಬಿಯನ್ನೇ ತನ್ನ ಕಡೆ ಎಳೆದುಕೊಂಡ. ನಮ್ಮಿಬ್ಬರ ನಡುವಿನ ಸಂಕೋಚ ಅಲ್ಲಿಗೆ ಮುಗಿಯಿತು.

ಇಳಿ ಮಧ್ಯಾಹ್ನದ ಹೊತ್ತಿಗೆ ಒಂದು ಹಳ್ಳದ ಪಕ್ಕ ತಂಗಿದೆವು. ಆತ ಜೋಲಿ ಕಟ್ಟುವುದನ್ನು ನೋಡಬೇಕು. ಮರ ಆರಿಸುವುದಕ್ಕೇ ಅರ್ಧ ಹೊತ್ತು. ತೊಡೆಯಷ್ಟಾದರೂ ದಪ್ಪ ಇರಬೇಕು. ಮಡಕೆ ಕೊಳ್ಳುವವರಂತೆ ಅಂಗೈಯಿಂದ ಬಡಿದು ನೋಡಿದ; ಒಣಮರದ ದನಿಯೇ ಬೇರೆ. ಆಮೇಲೆ ಮೇಲೆ ನೋಡಿದ, ಬೀಳುವಂಥ ಒಣಕೊಂಬೆ ಇದೆಯೇ ಎಂದು. ಆಮೇಲೆ ಬುಡ ನೋಡಿದ, ಇರುವೆ ಸಾಲು ಇದೆಯೇ ಎಂದು. ಎರಡು ಮರದ ನಡುವೆ ಐದಾರು ಹೆಜ್ಜೆ. ಮರಕ್ಕೆ ಹಗ್ಗವಲ್ಲ, ಅಗಲ ಪಟ್ಟಿ ಸುತ್ತಿದ. ಹಗ್ಗ ತೊಗಟೆಯನ್ನು ಕೊರೆಯುತ್ತದಂತೆ. ಜೋಲಿಯನ್ನು ಬಿಗಿದು ಎಳೆಯಲಿಲ್ಲ, ಇಳಿಬಿಟ್ಟ; ಕೂತರೆ ಕುರ್ಚಿಯ ಎತ್ತರಕ್ಕೆ ಬರುವಷ್ಟು. ಮೇಲೆ ಮಳೆಗೆ ಅಡ್ಡವಾಗಿ ತಾಡಪತ್ರಿ ಹೊದಿಸಿದ. ಕೊನೆಗೆ ಎರಡೂ ಕಡೆಯ ಹಗ್ಗಕ್ಕೆ ಒಂದೊಂದು ದಾರದ ತುಂಡು ಕಟ್ಟಿ ಇಳಿಬಿಟ್ಟ. ಅದು ಯಾಕೆ ಎಂದು ಕೇಳಿದೆ. ಮಳೆ ಬಂದಾಗ ನೀರು ಹಗ್ಗದ ಗುಂಟ ಹರಿದು ಬರುತ್ತದೆ. ಜೋಲಿಗೆ ಮುಟ್ಟುವ ಮುಂಚೆ ಈ ದಾರ ಹಿಡಿದು ನೆಲಕ್ಕೆ ಇಳಿದುಹೋಗುತ್ತದೆ. ಜೀವನವಿಡೀ ದಾರದ ಜೊತೆ ಇದ್ದವನಿಗೆ ದಾರದ ಈ ಕೆಲಸ ಗೊತ್ತಿರಲಿಲ್ಲ.

"ನೆಟ್ಟಗ ಮಲಗಬ್ಯಾಡ, ಓರೆ ಮಲಗು. ಬೆನ್ನು ಬಾಗಂಗಿಲ್ಲ" ಅಂದಳು ಸುವರ್ಣಾ.

ಅಂದು ರಾತ್ರಿ ಆಕೆ ಕಟ್ಟಿಕೊಟ್ಟ ಜೋಲಿಯಲ್ಲಿ ಮಲಗಿದೆ. ಹೆಚ್ಚೇನೂ ನಿದ್ದೆ ಬರಲಿಲ್ಲ.

ಎರಡನೆಯ ದಿನ: ಗಂಟು

ಮರುದಿನ ಮಧ್ಯಾಹ್ನ, ಎರಡನೆಯ ತಂಗುದಾಣದಲ್ಲಿ, ನನ್ನ ಜೋಲಿ ನಾನೇ ಕಟ್ಟುತ್ತೇನೆ ಎಂದೆ. ಎಲ್ಲ ನೋಡಿ ಕಲಿತಿದ್ದೆನಲ್ಲ. ಮರ ಬಡಿದೆ, ಮೇಲೆ ನೋಡಿದೆ, ಇರುವೆ ನೋಡಿದೆ. ಒಂದು ಕಡೆ ಮರ ದೂರವಾಗಿ ಪಟ್ಟಿ ಸಾಲಲಿಲ್ಲ. ಕಾಂ ನೈಲಾನ್ ಹಗ್ಗದ ತುಂಡು ಕೊಟ್ಟ. ಜೋಲಿಯ ಹಗ್ಗಕ್ಕೆ ಅದನ್ನು ಜೋಡಿಸಿದೆ. ಹೇಗೆ ಜೋಡಿಸಿದೆ ಎಂದು ಯೋಚನೆಯನ್ನೇ ಮಾಡಲಿಲ್ಲ; ಬೆರಳುಗಳೇ ಮಾಡಿದವು.

ಕೂತೆ. ಗಟ್ಟಿಯಾಗಿತ್ತು. ಹೆಮ್ಮೆಯಿಂದ ಕಾಲು ಊರಿ ತೂಗಿಕೊಂಡೆ. ಚಹ ತೆಗೆದುಕೊಳ್ಳಲು ಎದ್ದೆ, ಮತ್ತೆ ಕೂತೆ, ಮತ್ತೆ ತೂಗಿಕೊಂಡೆ. ಆಗ ತಲೆಯ ಹಿಂದೆ 'ಸರ್ರ್' ಎಂದು ಒಂದು ಸಣ್ಣ ಸದ್ದು. ಮರುಗಳಿಗೆ ಎಲೆಯ ಮೇಲೆ ಬೆನ್ನಡಿಯಾಗಿ ಬಿದ್ದಿದ್ದೆ, ಚಹ ಎದೆಯ ಮೇಲೆ.

ಕಾಂ ಓಡಿ ಬಂದು ಎಬ್ಬಿಸಿದ. ನಾನು ಪೆಚ್ಚಾಗಿ ಕೈ ಮುಗಿದೆ. "ಬೊ ಪೆನ್ ಯಂಗ್" ಅಂದ. ಅಲ್ಲಿಯವರು ಎಲ್ಲದಕ್ಕೂ ಅದನ್ನೇ ಅನ್ನುತ್ತಾರೆ. ಇರಲಿ ಬಿಡಿ ಎಂದರ್ಥ. ಸುವರ್ಣಾ ಮೊದಲು ನನ್ನ ಸೊಂಟ ಮುಟ್ಟಿ ನೋಡಿದಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ಹಗ್ಗದ ಎರಡು ತುದಿ ಕೈಗೆ ತೆಗೆದುಕೊಂಡಳು.

"ಹರದಿಲ್ಲಪ್ಪಾ. ಜಾರೇತಿ. ಯಾವ ಗಂಟು ಹಾಕಿದ್ದಿ?"

ಹಾಕಿ ತೋರಿಸಿದೆ. ನೇಕಾರನ ಗಂಟು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸಿನ ಎಳೆ ಕಡಿದಾಗ ಕಣ್ಣು ಮುಚ್ಚಿ ಹಾಕುವ ಗಂಟು. ಸಣ್ಣದು, ಚಪ್ಪಟೆ, ಬಟ್ಟೆಯಲ್ಲಿ ಕಾಣುವುದೇ ಇಲ್ಲ. ಆಕೆ ಅದನ್ನು ಜಗ್ಗಿದಳು, ಹಿಡಿಯಿತು. ಸಡಿಲ ಬಿಟ್ಟಳು, ಜಗ್ಗಿದಳು, ಸಡಿಲ ಬಿಟ್ಟಳು. ಐದಾರು ಸಲಕ್ಕೆ ತುದಿ ಸರಿದು ಹೊರಬಂತು.

"ಮಗ್ಗದ ಮ್ಯಾಲ ಎಳಿ ಯಾವಾಗ್ಲೂ ಬಿಗಿ ಇರ್ತೈತಿ, ಅದಕ್ಕ ನಿಂದರ್ತೈತಿ. ತೂಗಿದ್ರ ಬಿಗಿ, ಸಡ್ಲ, ಬಿಗಿ, ಸಡ್ಲ. ನುಣ್ಣನ ಹಗ್ಗಕ್ಕ ಇದು ಜಾರದs ಇರ್ತೈತೇನು?"

ನನ್ನ ಬಾಯಿಂದ ಮಾತು ತಾನಾಗಿ ಬಂತು. "ಸೀರಿಗೂ ಜಾರ್ತೈತಿ" ಅಂದೆ.

ಆಕೆ ನಗುತ್ತಲೇ ನನ್ನ ಮುಖ ನೋಡಿದಳು. ನಗು ನಿಂತಿತು.

ಇಲ್ಲಿ ನಮ್ಮ ಸೀರೆಯ ಬಗ್ಗೆ ಎರಡು ಮಾತು ಹೇಳಬೇಕು. ಇಳಕಲ್ ಸೀರೆಯ ಮೈಯ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆಯಂಥ ನುಣುಪು ನೂಲು. ಎರಡೂ ಬೇರೆ ಬೇರೆ. ಮೈಯ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತೇವೆ. ಕೊಂಡಿ ಹಾಕುವುದು ಹೆಂಗಸರ ಕೆಲಸ, ಕಣ್ಣಿನ ಕೆಲಸ. ನಮ್ಮ ಓಣಿಯಲ್ಲಿ ಆಗ ಕೊಂಡಿಗೆ ಹೆಸರಾದ ಒಬ್ಬ ಹೆಣ್ಣುಮಗಳಿದ್ದಳು. ಅವಳ ಕೈಯ ಕೊಂಡಿ ಎಂದರೆ ಸೀರೆ ಹರಿದರೂ ಕೊಂಡಿ ಹರಿಯದು ಅನ್ನುತ್ತಿದ್ದರು.

ಸುವರ್ಣಾ ಬಿದ್ದ ದಿನ ಹೆಂಡತಿ ನೀರಿಗೆ ಹೋಗಿದ್ದಳು. ಕೂಸು ಅಳುತ್ತಿತ್ತು, ಮಗ್ಗದ ಮೇಲೆ ಕೆಲಸ ನಿಂತಿತ್ತು. ಹೆಂಡತಿಗೆಂದು ನೇಯ್ದಿಟ್ಟ, ಆ ಹೆಣ್ಣುಮಗಳೇ ಕೊಂಡಿ ಹಾಕಿದ್ದ ಹೊಸ ಸೀರೆಯನ್ನು ತೊಲೆಗೆ ಹಾಕಿ ಎರಡು ತುದಿ ಕೂಡಿಸಿ ಗಂಟು ಹಾಕಿದೆ. ಹೆಂಗಸರು ಹಾಕುವಂತೆ ಸುತ್ತಿ ಸುತ್ತಿ ಅಲ್ಲ. ನನ್ನ ಬೆರಳಿಗೆ ಬಂದ ಗಂಟು. ಜೋಲಿಗೊಂದು ದಾರ ಕಟ್ಟಿ, ಅದನ್ನು ಕೈಗೆ ಸುತ್ತಿಕೊಂಡು, ಕುಣಿಯಲ್ಲಿ ಕೂತು ನೇಯುತ್ತ ತೂಗಿದೆ. ಆ 'ಸರ್ರ್' ಸದ್ದು ಆಗ ಮೊದಲ ಸಲ ಕೇಳಿದ್ದು; ಗಂಟು ಜಾರಿತ್ತು. ಸೀರೆ ಜಾರುವಾಗ ಸೆರಗು ಗೋಡೆಯ ಗೂಟಕ್ಕೆ ಸಿಕ್ಕಿತು. ಕೂಸಿನ ಭಾರಕ್ಕೆ ಜಗ್ಗಿ, ಕೊಂಡಿಯ ಸಾಲಿಗೆ ಸರಿಯಾಗಿ ಹರಿಯಿತು. ಕೂಸು ನೆಲಕ್ಕೆ ಬಿತ್ತು.

ನನ್ನ ತಾಯಿ ಓಡಿ ಬಂದು ಹರಿದ ಅಂಚು ಎತ್ತಿ ಹಿಡಿದಳು. "ಅಯ್ಯಯ್ಯ, ಕೊಂಡಿ ಕಿತ್ತೈತಿ! ಆಕಿ ಕೈ ಮುರೀಲಿ!" ಎಂದು ಕೂಗಿದಳು. ಓಣಿ ಕೂಡಿತು. ಸೀರೆಯ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಹರಿದಿರಲಿಲ್ಲ. ಗಂಟಿನ ಸುಕ್ಕು ಇನ್ನೂ ಅದರಲ್ಲಿತ್ತು. ಆ ಸುಕ್ಕನ್ನು ನಾನು ಹೆಬ್ಬೆರಳಿನಿಂದ ತೀಡಿ ತೀಡಿ ಅಳಿಸಿದೆ.

ಆಮೇಲೆ ಯಾವ ಮನೆಯವರೂ ಆ ಹೆಣ್ಣುಮಗಳಿಗೆ ಕೊಂಡಿಯ ಕೆಲಸ ಕೊಡಲಿಲ್ಲ. ಹುಡುಗಿಯರಿಗೆ ಕೆಲಸ ಕಲಿಸುವಾಗ 'ಸಡ್ಲಗೈ ಆಗಬ್ಯಾಡ' ಎಂದು ಬೈಯುವುದು ಶುರುವಾಯಿತು. ಅವಳ ಹೆಸರೇ ಅದಾಯಿತು. ಒಂದು ವರ್ಷ ತಡೆದು, ಗಂಡನ ಜೊತೆ ಹುನಗುಂದ ತಾಲೂಕಿನ ಮರೋಳಕ್ಕೆ ಹೊಲದ ಕೂಲಿಗೆ ಹೋದಳು.

ಇಷ್ಟನ್ನೂ ಆ ಕಾಡಿನಲ್ಲಿ, ಹಸಿ ಎಲೆಯ ಮೇಲೆ ಕೂತು ಮಗಳಿಗೆ ಹೇಳಿದೆ. ಕಾಂ ಏನೋ ಅರ್ಥ ಮಾಡಿಕೊಂಡವನಂತೆ ಹಳ್ಳದ ಕಡೆ ಹೋದ. ಸುವರ್ಣಾ ಬಲಗೈಯಿಂದ ಎಡ ಮೊಣಕೈ ಹಿಡಿದುಕೊಂಡಿದ್ದಳು.

"ಅವ್ವಗ ಗೊತ್ತಿತ್ತೇನು?"

"ಇಲ್ಲ. ಗೊತ್ತಿಲ್ಲದs ಹೋದಳು."

"ಕೊಂಡಿ ಹಾಕಿದಾಕೀನ್ನ ಮತ್ತ ಭೆಟ್ಟಿ ಆಗೇ ಇಲ್ಲೇನು?"

ಆಗಿದ್ದೆ. ಇದು ಇನ್ನೂ ದೊಡ್ಡ ತಪ್ಪು. ಕೆಲವು ವರ್ಷದ ಹಿಂದೆ ಕೂಡಲಸಂಗಮದಲ್ಲಿ, ನದಿಗೆ ಇಳಿಯುವ ಮೆಟ್ಟಿಲ ಮೇಲೆ, ಮುದುಕಿಯೊಬ್ಬಳು ನನ್ನ ಮುಂದೆ ನಿಂತಳು.

"ಗುರ್ತಾತೇನ್ರಿ ಅಣ್ಣಾರ? ಕೂಸಿನ ಕೈ ಹೆಂಗೈತ್ರಿ?"

"ಸಾಲ್ಯಾಗ ಟೀಚರ್ ಆಗ್ಯಾಳ" ಅಂದೆ.

ಅವಳ ಕಣ್ಣು ತುಂಬಿತು. "ಭಾಳ ಛಲೋ ಆತ್ರಿ. ನನ್ನ ಕೈ ಅವತ್ತ ಹೆಂಗ ತಪ್ಪಿತೋ ತಿಳೀವಲ್ದು. ಒಂದೊಂದ ಕುಣಿಕಿ ಎಣಿಸಿ ಹಾಕಿದ್ದೆ. ಹೊಟ್ಟ್ಯಾಗ ಹಾಕ್ಕೋರಿ ಅಣ್ಣಾರ."

ನಾನೇನು ಹೇಳಿದೆ? "ಇರ್ಲಿ ಬಿಡವಾ. ಆಗಿದ್ದಾತು" ಎಂದೆ. ಅವಳು ಮಾಡದ ತಪ್ಪನ್ನು ನಾನು ಕ್ಷಮಿಸಿ ಬಂದೆ. ಅವಳು ನನ್ನ ಕಾಲು ಮುಟ್ಟಲು ಬಾಗಿದಳು. ಅದನ್ನೂ ತಡೆಯಲಿಲ್ಲ.

ಸುವರ್ಣಾ ಎದ್ದಳು. ನನ್ನನ್ನು ಬೈಯಲಿಲ್ಲ. ಹಗ್ಗದ ಎರಡು ತುದಿ ನನ್ನ ಕೈಗೆ ಕೊಟ್ಟು, ಸರಿಯಾದ ಗಂಟು ತೋರಿಸಿದಳು. ಎರಡು ಹಗ್ಗ ಎದುರುಬದುರಾಗಿ, ಒಂದೊಂದರ ತುದಿ ಇನ್ನೊಂದನ್ನು ಎರಡು ಸುತ್ತು ಸುತ್ತಿ, ತನ್ನ ಸುತ್ತಿನೊಳಗಿಂದಲೇ ಹೊರಬರಬೇಕು. ಜಗ್ಗಿದಷ್ಟೂ ಒಂದನ್ನೊಂದು ಕಚ್ಚುತ್ತವೆ.

"ಹಾಕು" ಅಂದಳು. ಹಾಕಿದೆ. "ಬಿಚ್ಚು." ಬಿಚ್ಚಿದೆ. "ಮತ್ತ ಹಾಕು." ಬೆರಳು ನೋಯುವ ತನಕ ಹಾಕಿಸಿದಳು. ಆಮೇಲೆ ತಾನೇ ಆ ಜೋಲಿಯಲ್ಲಿ ಹೋಗಿ ಮಲಗಿ, ಮುಖ ಆಚೆ ತಿರುಗಿಸಿಕೊಂಡಳು. ನಾನು ಕಟ್ಟಿದ ಗಂಟು. ಅವಳು ಏಳುವ ತನಕ ನಾನು ಆ ಗಂಟಿನ ಪಕ್ಕದಲ್ಲೇ, ಹಗ್ಗದ ಮೇಲೆ ಕೈಯಿಟ್ಟು ನಿಂತಿದ್ದೆ.

ಮೂರನೆಯ ದಿನ: ಕಾಂನ ಹಳ್ಳಿ

ಮರುದಿನ ಆಕೆ ಮುಂದೆ ನಡೆದಳು. 'ಬೇರು ಐತಿ', 'ಕೋಲು ಊರು', 'ನೀರು ಕುಡಿ', ಇಷ್ಟೇ ಮಾತು.

ಕಾಂನ ಹಳ್ಳಿಯಲ್ಲಿ ಕಂಬದ ಮನೆಯ ಕೆಳಗೆ ಅವನ ಹೆಂಡತಿ ನೇಯುತ್ತಿದ್ದಳು. ನಾನು ಆಸೆಪಟ್ಟು ನೋಡಲು ಬಂದಿದ್ದ ಮಗ್ಗ ಅದು. ನಾನು ಬೂಟು ಕಳಚಿ ಹತ್ತಿರ ಕೂತೆ. ಒಂದು ಎಳೆ ಕಡಿಯಿತು. ಅವಳ ಬೆರಳು ಎರಡು ತುದಿ ಹಿಡಿದು ಒಂದು ಗಂಟು ಹಾಕಿದವು. ನನ್ನದೇ ಗಂಟು! ಸಾವಿರಾರು ಮೈಲಿ ದೂರದಲ್ಲಿ, ಭಾಷೆ ಬಾರದ ಹೆಣ್ಣಿನ ಕೈಯಲ್ಲಿ ಅದೇ ಗಂಟು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದೆ.

ಪಕ್ಕದಲ್ಲೇ ಅವಳ ಕೂಸು ಬಟ್ಟೆಯ ಜೋಲಿಯಲ್ಲಿ ಮಲಗಿತ್ತು. ಅದರ ಗಂಟು ಮಾತ್ರ ಬೇರೆ: ದಪ್ಪ, ಕುರೂಪ, ಸುತ್ತಿ ಸುತ್ತಿ ಕಟ್ಟಿದ್ದು. ಆ ತಾಯಿಗೆ ಎರಡೂ ಗಂಟು ಗೊತ್ತಿದ್ದವು, ಎಲ್ಲಿ ಯಾವುದು ಎಂಬುದೂ ಗೊತ್ತಿತ್ತು.

ಸುವರ್ಣಾ ಬಂದು ಪಕ್ಕದಲ್ಲಿ ಕೂತಳು. ಜೋಲಿಯ ಗಂಟು ನೋಡುತ್ತ ಅಂದಳು: "ನಾನೂ ಎಷ್ಟ್ ಸಲ ಸಡ್ಲಗೈ ಅಂದೇನಿ. ಸಾಲಿ ಹುಡುಗ್ಯಾರಿಗೂ ಅಂದೇನಿ."

"ನಿನಗ ಗೊತ್ತಿರ್ಲಿಲ್ಲವಾ."

"ನಿನಗ ಗೊತ್ತಿತ್ತಲ್ಲ!"

ಮಗ್ಗದ ಸದ್ದು ನಿಂತಿತು. ಕಾಂನ ಹೆಂಡತಿ ನಮ್ಮನ್ನು ನೋಡಿ, ಮತ್ತೆ ನೇಯತೊಡಗಿದಳು.

"ಊರಿಗಿ ಹೋದಕೂಡ್ಲೇ ಮರೋಳಕ್ಕ ಹೋಗಿ ಕಾಲು ಹಿಡೀತೇನಿ" ಅಂದೆ.

"ಹಿಡಿ. ಆದ್ರ ಅಷ್ಟಕ್ಕ ಮುಗ್ಯಂಗಿಲ್ಲಪ್ಪಾ. ಓಣ್ಯಾಗ ಎಲ್ಲಾರ ಎದುರಿಗಿ ಹೋದ ಹೆಸರು. ಆಕಿ ಅಡಗಿಮನ್ಯಾಗ ಗಪ್‌ಚಿಪ್ ತಿರುಗಿ ಕೊಟ್ರ ಬರ್ತೈತೇನು? ಎಲ್ಲಾರೂ ಓದೂಹಂಗ ಬರಿ. ಮೊದ್ಲ ಬರಿ, ಆಮ್ಯಾಲ ಕಾಲು ಹಿಡಿ."

"ನೀನೇ ಬರದ್ರ? ನಿನ್ನ ಅಕ್ಷರ ಛಲೋ ಅದಾವು."

"ಗಂಟು ಹಾಕಿದಾವ ನೀ. ಬಿಚ್ಚಾವನೂ ನೀನೇ."

ಇಳಕಲ್

ಬರೆಯುವುದಕ್ಕೆ ಎರಡು ವರ್ಷ ಹಿಡಿಯಿತು. ಬರೆಯುವ ತನಕ ಮರೋಳಕ್ಕೆ ಹೋಗುವಂತಿಲ್ಲ ಎಂಬ ಮಾತು ನನಗೆ ಅನುಕೂಲವೇ ಆಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಹೋದ ವಾರ ಸುವರ್ಣಾ ಫೋನು ಮಾಡಿದಾಗ 'ಬರದೀ ಏನು' ಎಂದು ಕೇಳಲಿಲ್ಲ. "ಮರೋಳದಾಕೀಗಿ ಎಂಬತ್ತರ ಹತ್ರ ಆತಂತಪ್ಪಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅವತ್ತೇ ಸಂಜೆ ಪೆನ್ನು ಹಿಡಿದೆ.

ಇದು ಅಚ್ಚಾಗಿ ಬಂದ ದಿನ ಮಗಳು ನನ್ನನ್ನು ಮರೋಳಕ್ಕೆ ಕರೆದೊಯ್ಯುತ್ತಾಳೆ. ಆ ಹೆಣ್ಣುಮಗಳಿಗೆ ಓದಲು ಬಾರದು. ಮೊದಲ ಸಾಲಿನಿಂದ ಕೊನೆಯ ತನಕ ನಾನೇ ಓದಿ ಹೇಳಬೇಕು, ಆಕೆಯ ಮನೆಯ ಕಟ್ಟೆಯ ಮೇಲೆ, ನೆರೆಯವರಿಗೆ ಕೇಳಿಸುವಂತೆ. ಅದು ಸುವರ್ಣಾಳ ಕರಾರು. 'ಇರ್ಲಿ ಬಿಡ್ರಿ ಅಣ್ಣಾರ' ಎಂದು ಆಕೆ ಅಂದರೆ ಏನು ಮಾಡಬೇಕೆಂದು ನನಗೆ ತಿಳಿದಿಲ್ಲ.

ನಮ್ಮ ಓಣಿಯವರು ಇದನ್ನು ಓದುತ್ತೀರಿ. ಸಡ್ಲಗೈ ಎಂದು ಇನ್ನು ಯಾರನ್ನಾದರೂ ಅನ್ನಬೇಕೆನಿಸಿದರೆ ನನ್ನನ್ನು ಅನ್ನಿ. ಆ ಹೆಣ್ಣುಮಗಳ ಕೊಂಡಿಯಲ್ಲಿ ಒಂದು ಕುಣಿಕೆಯೂ ತಪ್ಪಿರಲಿಲ್ಲ. ಆಕೆಯ ಹೆಸರು ಹುಲಿಗೆವ್ವ.